ಹಾಜರಿ ಪುಸ್ತಕ ಆರಿಸುವ ಚಾಂಪಿಯನ್

2019ರ ಮಾರ್ಚ್ 9ರಂದು ಕೊಯಮತ್ತೂರಿನ ಜವಾಹರಲಾಲ್ ನೆಹರೂ ಕ್ರೀಡಾಂಗಣದಲ್ಲಿ ಚೆನ್ನೈ ಸಿಟಿ ತಂಡ ಐ-ಲೀಗ್ ಫುಟ್‌ಬಾಲ್ ಪ್ರಶಸ್ತಿ ಗೆದ್ದಿತು. ಮೊದಲಿಗೆ ಗೋಲು ಬಿಟ್ಟುಕೊಟ್ಟರೂ ಚೇತರಿಸಿಕೊಂಡು ಮಿನರ್ವಾ ಪಂಜಾಬ್ ತಂಡವನ್ನು 3–1ರಿಂದ ಸೋಲಿಸಿತು. ಎರಡನೇ ಸ್ಥಾನದ ಈಸ್ಟ್ ಬೆಂಗಾಲ್‌ಗಿಂತ ಒಂದೇ ಒಂದು ಅಂಕ ಹೆಚ್ಚು, 43ಕ್ಕೆ 42. ಆದರೂ ಆ ಪ್ರಶಸ್ತಿ ಒಂದೇ ದಿನದ ಆಟದ ಮೇಲೆ ನಿಂತಿರಲಿಲ್ಲ. ಹನ್ನೊಂದು ತಂಡಗಳು ನಾಲ್ಕು ತಿಂಗಳಿಗೂ ಹೆಚ್ಚು ಕಾಲ ತವರಿನಲ್ಲೊಮ್ಮೆ, ಎದುರಾಳಿಯ ಊರಿನಲ್ಲೊಮ್ಮೆ ಪರಸ್ಪರ ಆಡಬೇಕಿದ್ದ ಲೀಗ್ ಅದು. ಒಂದು ದಿನ ಎಡವಿದವರಿಗೆ ಇನ್ನೊಂದು ದಿನ ಸುಧಾರಿಸಿಕೊಳ್ಳಲು ಅವಕಾಶವಿತ್ತು.

ಅದೇ ಊರಿನ ಕಾಲೇಜು ಹುಡುಗರಿಗೆ ಈ ಅವಕಾಶವಿಲ್ಲ. ವಿಶ್ವವಿದ್ಯಾಲಯಗಳ ನಡುವಿನ ಫುಟ್‌ಬಾಲ್ ಪೈಪೋಟಿಯನ್ನು ಭಾರತೀಯ ವಿಶ್ವವಿದ್ಯಾಲಯಗಳ ಸಂಘ ನಡೆಸುತ್ತದೆ. ಪುರುಷರ ವಿಭಾಗದ ಪ್ರಶಸ್ತಿಗೆ ಕಲ್ಕತ್ತಾ ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಸರ್ ಆಶುತೋಷ್ ಮುಖರ್ಜಿ ಅವರ ಹೆಸರಿದೆ. ದೇಶವನ್ನು ನಾಲ್ಕು ವಲಯಗಳಾಗಿ ಹಂಚಲಾಗಿದೆ. ದಕ್ಷಿಣ ವಲಯದ ಹತ್ತಾರು ತಂಡಗಳು ಒಂದೇ ಕ್ಯಾಂಪಸ್ಸಿನಲ್ಲಿ ಸೇರುತ್ತವೆ. ನಾಕೌಟ್ ಮಾದರಿಯಲ್ಲಿ, ಹೆಚ್ಚೂಕಡಿಮೆ ದಿನಕ್ಕೊಂದರಂತೆ ಪಂದ್ಯಗಳು ನಡೆಯುತ್ತವೆ. ಕೊನೆಗೆ ಉಳಿದ ನಾಲ್ಕು ತಂಡಗಳಷ್ಟೇ ತಮ್ಮತಮ್ಮಲ್ಲಿ ಲೀಗ್ ಆಡಿ ಅಖಿಲ ಭಾರತ ಮಟ್ಟಕ್ಕೆ ಹೋಗುತ್ತವೆ. ಮಿಕ್ಕವರ ಪಾಲಿಗೆ ಇಡೀ ವರ್ಷದ ವಿಶ್ವವಿದ್ಯಾಲಯ ಫುಟ್‌ಬಾಲ್ ಒಂದೋ ಎರಡೋ ಮಧ್ಯಾಹ್ನಗಳಲ್ಲಿ ಮುಗಿದುಹೋಗುತ್ತದೆ. ರಾತ್ರಿಯೆಲ್ಲ ರೈಲಿನಲ್ಲಿ ಬಂದು, ಒಂದು ಪಂದ್ಯ ಆಡಿ, ಸೋತು, ಮತ್ತೆ ರೈಲು ಹತ್ತುವ ತಂಡಗಳೇ ಹೆಚ್ಚು.

ಈ ಪಂದ್ಯಗಳ ಫಲಿತಾಂಶದ ದೊಡ್ಡ ಪಾಲು ತರಗತಿ ಕೋಣೆಯಲ್ಲೇ ನಿರ್ಧಾರವಾಗಿರುತ್ತದೆ. ಈ ಮಾತನ್ನು ನಾವು ಸಾಕಷ್ಟು ಆಡಿಲ್ಲ.

ತಮಿಳುನಾಡಿನ ಯಾವುದೇ ಕಾಲೇಜಿನ ಆಟಗಾರನನ್ನು ಕೇಳಿ, ಅವನ ಮೊದಲ ಚಿಂತೆ ‘ಓಡಿ’. ಅಂದರೆ ಆನ್ ಡ್ಯೂಟಿ. ಕಾಲೇಜಿನ ಪರವಾಗಿ ಆಡಲು ಹೋದ ದಿನವನ್ನು ಗೈರು ಎನ್ನದೆ ಹಾಜರಿ ಎಂದು ಬರೆದುಕೊಳ್ಳುವ ಏರ್ಪಾಡು. ಅದಕ್ಕಾಗಿ ಅವನು ಪಿ.ಡಿ. ಸಾರ್, ಅಂದರೆ ದೈಹಿಕ ಶಿಕ್ಷಣ ನಿರ್ದೇಶಕರ ಸಹಿ ಪಡೆದು, ತರಗತಿಯ ಟ್ಯೂಟರ್, ವಿಭಾಗದ ಮುಖ್ಯಸ್ಥರು, ಪ್ರಾಂಶುಪಾಲರು ಹೀಗೆ ಬಾಗಿಲಿಂದ ಬಾಗಿಲಿಗೆ ಅರ್ಜಿ ಹಿಡಿದು ಅಲೆಯಬೇಕು. ನಮ್ಮ ತರಗತಿಗಳ ರಿವಾಜು ಗೊತ್ತಿದೆಯಲ್ಲ. ಮೇಷ್ಟ್ರು ಒಳಗೆ ಬಂದರೆ ಎದ್ದು ನಿಲ್ಲಬೇಕು, ತಡವಾದರೆ ಬಾಗಿಲಲ್ಲಿ ನಿಂತು ಅಪ್ಪಣೆ ಕೇಳಬೇಕು, ಹೆಸರು ಕೂಗಿದಾಗ ಓಗೊಡಬೇಕು. ಗುರುವಿಗೆ ಗೌರವ ಕೊಡುವ ಈ ಪದ್ಧತಿಯ ಮೇಲೆ ನನಗೆ ಆಕ್ಷೇಪವಿಲ್ಲ. ಆದರೆ ಅದರ ನೆರಳಿನಲ್ಲಿ ಆಟಗಾರನ ಹಕ್ಕು ಕೂಡ ಅಪ್ಪಣೆಯಾಗಿ ಬದಲಾಗಿಬಿಟ್ಟಿದೆ. ಫುಟ್‌ಬಾಲ್ ಇಷ್ಟಪಡುವ ಅಧ್ಯಾಪಕರು ಸಿಕ್ಕರೆ ಸಹಿ ಬೀಳುತ್ತದೆ. ಸಿಗದಿದ್ದರೆ ಹುಡುಗ ಇಂಟರ್ನಲ್ ಪರೀಕ್ಷೆಗೆ ಹೆದರಿ ಆಯ್ಕೆ ಶಿಬಿರವನ್ನೇ ಬಿಡುತ್ತಾನೆ. ಹುಡುಗಿಯರಿಗಂತೂ ಇದರ ಮೇಲೆ ಹಾಸ್ಟೆಲ್ ವಾರ್ಡನ್ ಅನುಮತಿ, ತಂದೆಯ ಪತ್ರ ಬೇರೆ. 2023ರಲ್ಲಿ ರಾಷ್ಟ್ರೀಯ ಹಿರಿಯ ಮಹಿಳಾ ಫುಟ್‌ಬಾಲ್ ಪ್ರಶಸ್ತಿ ಗೆದ್ದ ರಾಜ್ಯದಲ್ಲೂ ಸ್ಥಿತಿ ಹೀಗಿದೆ.

ಲೆಕ್ಕ ಹಾಕಿ ನೋಡೋಣ. ಒಂದು ಸೆಮಿಸ್ಟರಿಗೆ 90 ಬೋಧನಾ ದಿನಗಳು ಎಂದುಕೊಂಡರೆ, ಶೇ 75ರ ಹಾಜರಿ ನಿಯಮದಡಿ ತಪ್ಪಿಸಿಕೊಳ್ಳಬಹುದಾದದ್ದು 22 ದಿನ. ಅಣ್ಣಾ ವಿಶ್ವವಿದ್ಯಾಲಯದ ನಿಯಮಾವಳಿ ಅನಾರೋಗ್ಯ ಅಥವಾ ಕ್ರೀಡೆಯ ಕಾರಣಕ್ಕೆ ಇದನ್ನು ಶೇ 65ಕ್ಕೆ ಸಡಿಲಿಸುತ್ತದೆ. ಆಗ 31 ದಿನ. ಅಂತರ ಕಾಲೇಜು ಪಂದ್ಯಾವಳಿ, ವಿಶ್ವವಿದ್ಯಾಲಯ ತಂಡದ ಆಯ್ಕೆ, ತರಬೇತಿ ಶಿಬಿರ, ಪ್ರಯಾಣ, ವಲಯ ಟೂರ್ನಿ, ಗೆದ್ದರೆ ಅಖಿಲ ಭಾರತ ಟೂರ್ನಿ, ಇಷ್ಟನ್ನು ಕೂಡಿಸಿದರೆ ಈ ರಿಯಾಯಿತಿ ಸಾಲದೆ ಹೋಗುವುದು ಸುಲಭ. ತಂಡ ಗೆಲ್ಲುತ್ತ ಹೋದಷ್ಟೂ ಆಟಗಾರನ ಹಾಜರಿ ಕುಸಿಯುತ್ತದೆ. ಸೋತವನು ಬೇಗ ತರಗತಿಗೆ ಮರಳಿ ಸುರಕ್ಷಿತನಾಗುತ್ತಾನೆ. ಗೆದ್ದವನಿಗೆ ಬೀಳುವ ಈ ದಂಡವನ್ನು ಯಾವ ಶಿಕ್ಷಣ ತಜ್ಞರು ಸಮರ್ಥಿಸಬಲ್ಲರು? ಇದರ ಮೇಲೆ, ಪಂದ್ಯಗಳು ಸಾಮಾನ್ಯವಾಗಿ ಬರುವುದು ಡಿಸೆಂಬರ್–ಜನವರಿಯ ಆಸುಪಾಸಿನಲ್ಲಿ, ಸೆಮಿಸ್ಟರ್ ಪರೀಕ್ಷೆಗಳ ಬೆನ್ನಿಗೇ. ಪರೀಕ್ಷೆ ತಪ್ಪಿದರೆ ‘ಅರಿಯರ್’, ಅಂದರೆ ಬಾಕಿ ಉಳಿದ ಪರೀಕ್ಷೆ. ಕ್ಯಾಂಪಸ್ ಸಂದರ್ಶನಕ್ಕೆ ಬರುವ ಕಂಪನಿಗಳು ಮೊದಲು ನೋಡುವುದು ಅದನ್ನೇ.

ಕೊಯಮತ್ತೂರಿನ ಪಕ್ಕದ ತಿರುಪ್ಪೂರಿನ ಮಕ್ಕಳ ಕಷ್ಟ ಇನ್ನೂ ಒಂದು ಕೈ ಹೆಚ್ಚು. ಇದು ಬನಿಯನ್ ಕಂಪನಿಗಳ ಊರು. ಮನೆಯ ಇಬ್ಬರು ಮೂವರು ಟೈಲರಿಂಗ್, ಪ್ಯಾಕಿಂಗ್, ಡೈಯಿಂಗ್ ಎಂದು ದುಡಿಯುವ ಕುಟುಂಬದಿಂದ ಮೊದಲ ಬಾರಿಗೆ ಕಾಲೇಜು ಮೆಟ್ಟಿಲು ಹತ್ತಿದವರು ಇಲ್ಲಿ ಸಾಕಷ್ಟು. ಚಿಕ್ಕಣ್ಣ ಸರ್ಕಾರಿ ಕಲಾ ಕಾಲೇಜು, ಹುಡುಗಿಯರಿಗೆ ಎಲ್‌ಆರ್‌ಜಿ ಸರ್ಕಾರಿ ಕಲಾ ಕಾಲೇಜು ಇಂಥವರ ಆಸರೆ. ತರಗತಿ ಮುಗಿದ ಮೇಲೆ ಕಂಪನಿಗೆ ಹೋಗಿ ವಾರದ ಕೂಲಿ ತರುವ ಹುಡುಗನಿಗೆ ಸಂಜೆಯ ಅಭ್ಯಾಸ ಎಂಬುದೇ ಇಲ್ಲ. ಕಾಲೇಜು ಎರಡು ಪಾಳಿಯಲ್ಲಿ ನಡೆಯುವುದಾದರೆ ಇನ್ನೂ ಕಷ್ಟ. ಬೆಳಗಿನ ಪಾಳಿಯವರು ಬಿಡುವಾಗುವ ಹೊತ್ತಿಗೆ ಮಧ್ಯಾಹ್ನದ ಪಾಳಿಯವರು ಪಾಠದಲ್ಲಿರುತ್ತಾರೆ. ಹನ್ನೊಂದು ಜನ ಒಟ್ಟಿಗೆ ಚೆಂಡು ಒದೆಯುವುದು ಪಂದ್ಯದ ದಿನವೇ ಎಂಬಂತಾದರೆ ಆ ತಂಡದಿಂದ ಏನನ್ನು ನಿರೀಕ್ಷಿಸುವುದು?

ಇನ್ನೊಂದು ತೊಡಕು ವಿಶ್ವವಿದ್ಯಾಲಯಗಳ ಗಡಿಯದು. 1982ರಲ್ಲಿ ಸ್ಥಾಪನೆಯಾದ ಭಾರತಿಯಾರ್ ವಿಶ್ವವಿದ್ಯಾಲಯದ ವ್ಯಾಪ್ತಿ ಕೊಯಮತ್ತೂರು, ತಿರುಪ್ಪೂರು, ಈರೋಡು, ನೀಲಗಿರಿ ಜಿಲ್ಲೆಗಳು. ಮನೆಯಲ್ಲಿ ಕನ್ನಡವಾಡುವ ಕೊಯಮತ್ತೂರಿನ ದೇವಾಂಗ, ಒಕ್ಕಲಿಗ ಕುಟುಂಬಗಳ ಮಕ್ಕಳೂ ಈರೋಡು ಜಿಲ್ಲೆಯ ತಾಳವಾಡಿಯ ಕನ್ನಡಿಗರ ಮಕ್ಕಳೂ ಕಲಾ, ವಿಜ್ಞಾನ ಓದಿದರೆ ಸೇರುವುದು ಇದರ ತಂಡಕ್ಕೆ. ಎಂಜಿನಿಯರಿಂಗ್ ಆಯ್ದುಕೊಂಡರೆ ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದ ತಂಡಕ್ಕೆ. ಕೃಷಿ ಓದಿದರೆ ಕೊಯಮತ್ತೂರಿನಲ್ಲೇ ಇರುವ ತಮಿಳುನಾಡು ಕೃಷಿ ವಿಶ್ವವಿದ್ಯಾಲಯಕ್ಕೆ, ಎಟ್ಟಿಮಡೈಗೆ ಹೋದರೆ ಅಮೃತ ವಿಶ್ವವಿದ್ಯಾಪೀಠಕ್ಕೆ. ಹೀಗೆ ಒಂದೇ ಬೀದಿಯಲ್ಲಿ ಒಟ್ಟಿಗೆ ಆಡಿ ಬೆಳೆದ ಗೆಳೆಯರು ನಾಲ್ಕು ತಂಡಗಳಿಗೆ ಹರಿದು ಹಂಚಿಹೋಗುತ್ತಾರೆ. ಆದರೆ ಈ ಭಾಗದಲ್ಲಿ ಇಷ್ಟು ಕಾಲೇಜುಗಳಿದ್ದರೂ ವರ್ಷವಿಡೀ ಪರಸ್ಪರ ಆಡುವ ಲೀಗ್ ಇಲ್ಲಿ ಬೇರೂರಿಲ್ಲ.

ಕಾಲೇಜು ಆಟವನ್ನೇ ದೊಡ್ಡ ಉದ್ಯಮ ಮಾಡಿಕೊಂಡ ಅಮೆರಿಕದಿಂದ ಇಲ್ಲಿ ಎರಡು ಪಾಠಗಳಿವೆ. ಅವರು ಫುಟ್‌ಬಾಲ್ ಎನ್ನುವುದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಬೇರೆಯದೇ ಆಟ. ಅಲ್ಲಿನ ಅಗ್ರ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡಗಳಿದ್ದು, ಒಂದೊಂದಕ್ಕೂ ಋತುವಿನಲ್ಲಿ ಹನ್ನೆರಡರಷ್ಟು ಪಂದ್ಯ ಮಾತ್ರ. ಎಲ್ಲರೂ ಎಲ್ಲರ ವಿರುದ್ಧ ಆಡುವುದು ಅಸಾಧ್ಯವಾದ್ದರಿಂದ ಚಾಂಪಿಯನ್ ಯಾರೆಂಬ ಜಗಳ ಅಲ್ಲಿ ಹಳೆಯದು. 1936ರಿಂದ ಪತ್ರಕರ್ತರ ಮತ, 1998ರಿಂದ ಮತಕ್ಕೆ ಕಂಪ್ಯೂಟರ್ ಲೆಕ್ಕ ಬೆರೆಸಿದ ವ್ಯವಸ್ಥೆ, 2014ರಿಂದ ಸಮಿತಿ ಆರಿಸಿದ ನಾಲ್ಕು ತಂಡಗಳ ಪ್ಲೇಆಫ್. 2023ರಲ್ಲಿ ಹದಿಮೂರಕ್ಕೆ ಹದಿಮೂರೂ ಪಂದ್ಯ ಗೆದ್ದ ಫ್ಲೋರಿಡಾ ಸ್ಟೇಟ್ ತಂಡವನ್ನು ಆ ಸಮಿತಿ ಹೊರಗಿಟ್ಟಿತು. ಮರುವರ್ಷದಿಂದ ಪ್ಲೇಆಫ್‌ಗೆ ಹನ್ನೆರಡು ತಂಡಗಳು. ಚಾಂಪಿಯನ್ನನ್ನು ಕೋಣೆಯೊಳಗೆ ಕೂತು ಆರಿಸಬಾರದು, ಇದು ಮೊದಲ ಪಾಠ. ಎರಡನೆಯದು ನಮಗೆ ಹೆಚ್ಚು ಉಪಯುಕ್ತ: ಅಲ್ಲಿನ ಕಾಲೇಜು ಫುಟ್‌ಬಾಲ್ ಬಹುಪಾಲು ಶನಿವಾರದ ಆಟ. ತಿಂಗಳುಗಟ್ಟಲೆ ನಡೆದರೂ ಪಂದ್ಯಗಳು ಪಾಠದ ದಿನಗಳನ್ನು ಒಟ್ಟೊಟ್ಟಿಗೆ ನುಂಗುವುದಿಲ್ಲ. ಟಿ.ವಿ. ಹಣದ ಹಿಂದೆ ಬಿದ್ದು ಅವರು ಮಾಡಿಕೊಂಡ ಅವಾಂತರಗಳು ನಮಗೆ ಬೇಡ. ಶನಿವಾರ ಬೇಕು.

ಕರ್ನಾಟಕದವರು ಇದನ್ನು ನೆರೆರಾಜ್ಯದ ಸಮಾಚಾರ ಎಂದು ಬದಿಗಿಡುವಂತಿಲ್ಲ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಹಾಜರಿ ನಿಯಮ ಇನ್ನೂ ಬಿಗಿ, ಶೇ 85. ಬೀದರ್‌ನಿಂದ ಮಂಗಳೂರಿನವರೆಗಿನ ಅದರ ಕಾಲೇಜುಗಳ ಹುಡುಗರೆಲ್ಲ ಸೇರಿ ಒಂದು ತಂಡ. ವಾಳಯಾರ್ ದಾಟಿದರೆ ಸಿಗುವ ಕೇರಳವನ್ನು ನೋಡಿ: ಅಲ್ಲಿನ ವಿಶ್ವವಿದ್ಯಾಲಯಗಳು ಕ್ರೀಡಾಪಟುಗಳಿಗೆ ಗ್ರೇಸ್ ಅಂಕ ಕೊಡುತ್ತವೆ, ಕಾಲೇಜುಗಳು ಆಟಗಾರರನ್ನು ಹುಡುಕಿ ಸೇರಿಸಿಕೊಳ್ಳುತ್ತವೆ. ಆಶುತೋಷ್ ಮುಖರ್ಜಿ ಟ್ರೋಫಿ ಮತ್ತೆಮತ್ತೆ ಕ್ಯಾಲಿಕಟ್ ವಿಶ್ವವಿದ್ಯಾಲಯಕ್ಕೆ ಹೋಗಿರುವುದಕ್ಕೆ ಮಲಬಾರಿನ ಫುಟ್‌ಬಾಲ್ ಹುಚ್ಚು ಮಾತ್ರ ಕಾರಣವಲ್ಲ.

ಆಟಗಾರರಿಗೆ ಸಡಿಲಿಕೆ ಕೊಟ್ಟರೆ ಓದು ಹಾಳಾಗುತ್ತದೆ, ಓಡಿ ದುರುಪಯೋಗವಾಗುತ್ತದೆ ಎಂಬ ಅಧ್ಯಾಪಕರ ಆತಂಕ ಸುಳ್ಳಲ್ಲ. ಮೈದಾನದ ಕಡೆ ತಲೆ ಹಾಕದವರೂ ಓಡಿ ಪಟ್ಟಿಯಲ್ಲಿ ನುಸುಳಬಹುದು. ಅದಕ್ಕೆ ಮದ್ದು, ಸಹಿಗಳನ್ನು ಹೆಚ್ಚಿಸುವುದಲ್ಲ. ಪಂದ್ಯದ ತಂಡದ ಪಟ್ಟಿಯಲ್ಲಿ ಹೆಸರಿದ್ದರೆ ಹಾಜರಿ ತಾನಾಗಿಯೇ ದಾಖಲಾಗಲಿ, ಇಲ್ಲದಿದ್ದರೆ ಬೇಡ. ತಪ್ಪಿದ ಪಾಠಕ್ಕೆ ಟಿಪ್ಪಣಿ ಕೊಡಲಿ, ತಪ್ಪಿದ ಪರೀಕ್ಷೆಗೆ ಮುಂದಿನ ಸೆಮಿಸ್ಟರಿನವರೆಗೆ ಕಾಯಿಸದೆ ತಿಂಗಳೊಳಗೆ ಮರುಪರೀಕ್ಷೆ ನಡೆಸಲಿ.

ಇದಕ್ಕೆ ದೆಹಲಿಯ ಸುತ್ತೋಲೆ ಬರಬೇಕೆಂದೇನಿಲ್ಲ. ಭಾರತಿಯಾರ್, ಕೃಷಿ ವಿಶ್ವವಿದ್ಯಾಲಯ, ಅಮೃತ ಮತ್ತು ಕೊಯಮತ್ತೂರು–ತಿರುಪ್ಪೂರಿನ ಎಂಜಿನಿಯರಿಂಗ್ ಕಾಲೇಜುಗಳು ಮನಸ್ಸು ಮಾಡಿದರೆ ಜುಲೈಯಿಂದ ನವೆಂಬರ್‌ವರೆಗೆ ಶನಿವಾರಗಳಲ್ಲಿ ಒಂದು ಲೀಗ್ ನಡೆಸಬಹುದು, ವಲಯ ಟೂರ್ನಿಗೆ ತಂಡವನ್ನು ಅಲ್ಲಿಂದಲೇ ಆರಿಸಬಹುದು. ಕಂಪನಿಯಲ್ಲಿ ದುಡಿಯುವ ಹುಡುಗನಿಗೆ ತಪ್ಪುವ ಶನಿವಾರದ ಕೂಲಿಯನ್ನು ಪ್ರಯಾಣ ಭತ್ಯೆ, ಊಟದ ಖರ್ಚಿನ ಜೊತೆಗೆ ಕಾಲೇಜೇ ತುಂಬಿಕೊಡಲಿ. ಪ್ರತಿ ವಿದ್ಯಾರ್ಥಿಯಿಂದ ಕ್ರೀಡಾ ಶುಲ್ಕ ವಸೂಲಿ ಮಾಡುವ ಕಾಲೇಜುಗಳಿಗೆ ಇದು ಭಾರವಲ್ಲ. ಮುಂದಿನ ಶೈಕ್ಷಣಿಕ ವರ್ಷದ ಕ್ಯಾಲೆಂಡರ್ ಅಚ್ಚಾಗುವ ಮೊದಲು ಕುಲಸಚಿವರು ಮತ್ತು ದೈಹಿಕ ಶಿಕ್ಷಣ ನಿರ್ದೇಶಕರು ಒಟ್ಟಿಗೆ ಕೂತು, ಪರೀಕ್ಷೆಯ ದಿನಾಂಕ ಮತ್ತು ಪಂದ್ಯದ ದಿನಾಂಕಗಳನ್ನು ಒಂದೇ ಪುಟದಲ್ಲಿ ಬರೆಯಲಿ.