ಕಾಯುವ ಮನೆಗೆ ಗಾಳಿಸುದ್ದಿ ಬೇಡ



ಮಳೆಗಾಲದ 61 ದಿನಗಳ ಮೀನುಗಾರಿಕೆ ನಿಷೇಧ ಜುಲೈ 31ಕ್ಕೆ ಮುಗಿಯುತ್ತದೆ. ಆಗಸ್ಟ್ ಬಂತೆಂದರೆ ಮಲ್ಪೆ, ಮಂಗಳೂರು, ಗಂಗೊಳ್ಳಿ, ಭಟ್ಕಳ, ಕಾರವಾರದ ಬಂದರುಗಳು ಮತ್ತೆ ಗಿಜಿಗುಡುತ್ತವೆ. ಐಸು, ಡೀಸೆಲ್, ಅಕ್ಕಿ, ತರಕಾರಿ ತುಂಬಿಕೊಂಡು ಬೋಟುಗಳು ಹೊರಡುತ್ತವೆ. ಆಳಸಮುದ್ರಕ್ಕೆ ಹೋದವರು ದಡ ಕಾಣುವುದು ವಾರ ಹತ್ತು ದಿನ ಬಿಟ್ಟು. ಅಷ್ಟೂ ದಿನ ಅವರ ಮನೆಯವರು ಜೀವ ಕೈಯಲ್ಲಿ ಹಿಡಿದು ಕಾಯುತ್ತಾರೆ. ಆ ಮನೆಗಳ ಪರವಾಗಿ ಕರಾವಳಿಯ ನಿಮ್ಮೆಲ್ಲರಲ್ಲಿ ಈ ಮನವಿ.

ದಡ ಬಿಟ್ಟು ಒಂದಷ್ಟು ದೂರ ಹೋದರೆ ಮೊಬೈಲಿಗೆ ಸಿಗ್ನಲ್ ಇಲ್ಲ. ಆಮೇಲೆ ವೈರ್‌ಲೆಸ್ಸೇ ಗತಿ, ಅದೂ ಹತ್ತಿರದ ಬೋಟುಗಳ ನಡುವೆ. ಹವಾಮಾನ ಇಲಾಖೆ ಬಿರುಗಾಳಿಯ ಎಚ್ಚರಿಕೆ ಕೊಟ್ಟ ರಾತ್ರಿ, ಒಲೆಯ ಮೇಲಿಟ್ಟ ಅನ್ನ ತಳ ಹಿಡಿದರೂ ತಿಳಿಯದೆ ಹೆಂಡತಿ ಅದೇ ನಂಬರು ಒತ್ತುತ್ತಿರುತ್ತಾಳೆ. ‘ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ’ ಎಂಬ ಮಾತು ಅವಳಿಗೆ ಬಾಯಿಪಾಠ. ದೊಡ್ಡವರ ಮುಖ ನೋಡಿ ಮಕ್ಕಳೂ ಮಾತು ಬಿಟ್ಟಿರುತ್ತವೆ. ಅಷ್ಟರಲ್ಲಿ ವಾಟ್ಸ್ಆ್ಯಪಿನಲ್ಲಿ ಒಂದು ವಿಡಿಯೊ ಬರುತ್ತದೆ. ಎಲ್ಲಿಯದೋ ಕಡಲು, ಯಾವತ್ತೋ ಮಗುಚಿದ ದೋಣಿ. ಕೆಳಗೆ ‘ನಮ್ಮ ಕಡೆಯ ಬೋಟಂತೆ, ಎಲ್ಲರಿಗೂ ಕಳಿಸಿ’ ಎಂಬ ಸಾಲು. ಕಳಿಸಿದವರು ಮರೆತು ಮಲಗುತ್ತಾರೆ. ಆ ಮನೆಗೆ ಬೆಳಗಿನ ತನಕ ನಿದ್ದೆ ಇಲ್ಲ.

ಇಂಥ ಗಾಳಿಸುದ್ದಿ ಎಷ್ಟು ನೋಯಿಸುತ್ತದೆ ಎಂಬುದನ್ನು ನಾವು ‘ಸುವರ್ಣ ತ್ರಿಭುಜ’ ಬೋಟಿನ ವಿಷಯದಲ್ಲಿ ಕಂಡಿದ್ದೇವೆ. 2018ರ ಡಿಸೆಂಬರ್ 13ರಂದು ಮಲ್ಪೆಯಿಂದ ಹೊರಟ ಆ ಬೋಟಿನ ಸಂಪರ್ಕ ಎರಡೇ ದಿನದಲ್ಲಿ ಕಡಿದುಹೋಯಿತು. ಅದರಲ್ಲಿದ್ದವರು ಏಳು ಮಂದಿ: ಇಬ್ಬರು ಉಡುಪಿ ಜಿಲ್ಲೆಯವರು, ಐವರು ಉತ್ತರ ಕನ್ನಡದವರು. ಮಹಾರಾಷ್ಟ್ರದ ಮಾಲ್ವಣ್ ಕಡೆಯ ಕಡಲ ತಳದಲ್ಲಿ ನೌಕಾಪಡೆಗೆ ಬೋಟಿನ ಅವಶೇಷ ಸಿಕ್ಕಿದ್ದು 2019ರ ಮೇ ತಿಂಗಳಲ್ಲಿ. ನಡುವಿನ ನಾಲ್ಕೂವರೆ ತಿಂಗಳು ಕಡಲ್ಗಳ್ಳರು ಎಳೆದೊಯ್ದರಂತೆ, ಅಪಹರಣವಂತೆ, ಎಲ್ಲೋ ಬದುಕಿದ್ದಾರಂತೆ ಎಂಬ ಸುದ್ದಿಗಳು ಬರುತ್ತಲೇ ಇದ್ದವು. ಇಂಥ ಪ್ರತಿ ‘ಅಂತೆ’ಗೂ ಕಾಯುವವರ ಆಸೆ ಒಮ್ಮೆ ಚಿಗುರಿ ಮತ್ತೆ ಕಮರುತ್ತದೆ. ಇನ್ನು ಯಾವ ಮನೆಗೂ ನಾವು ಆ ನೋವು ಕೊಡಬಾರದು.

ಆದ್ದರಿಂದ ಮೊದಲ ಕೋರಿಕೆ ಎಲ್ಲರಿಗೂ. ಬೋಟಿನ ಮಾಲೀಕರು, ಮೀನುಗಾರರ ಸಂಘ, ಮೀನುಗಾರಿಕೆ ಇಲಾಖೆ ಇಲ್ಲವೇ ಕರಾವಳಿ ಕಾವಲು ಪೊಲೀಸರು ಖಚಿತಪಡಿಸದ ಯಾವ ಸುದ್ದಿಯನ್ನೂ ಮುಂದಕ್ಕೆ ಕಳಿಸಬೇಡಿ. ನಿಜವಾಗಿಯೂ ಅಪಾಯದ ಸುಳಿವು ಸಿಕ್ಕರೆ ಗ್ರೂಪಿಗೆ ಹಾಕುತ್ತಾ ಕೂರದೆ ಕೋಸ್ಟ್ ಗಾರ್ಡಿನ 1554ಕ್ಕೆ ಅಥವಾ ಕರಾವಳಿ ಕಾವಲು ಪೊಲೀಸರ 1093ಕ್ಕೆ ಫೋನ್ ಮಾಡಿ.

ಬೋಟಿನ ಮಾಲೀಕರೇ, ಬೋಟು ಹತ್ತಿದ ಪ್ರತಿಯೊಬ್ಬರ ಮನೆಯ ನಂಬರು ನಿಮ್ಮ ಬಳಿ ಇರಲಿ. ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದು ದುಡಿಯುವ ಹುಡುಗರ ಮನೆಗೂ ಸುದ್ದಿ ಮುಟ್ಟಬೇಕು. ಅಲ್ಲಿಯ ತಾಯಿಗೆ ಮಲ್ಪೆ ಎಲ್ಲಿದೆ ಎಂದೂ ಗೊತ್ತಿರುವುದಿಲ್ಲ. ಗಾಳಿ ಎದ್ದ ದಿನ, ಹೇಳಲು ಹೊಸದೇನೂ ಇಲ್ಲದಿದ್ದರೂ ಬೆಳಿಗ್ಗೆ ಸಂಜೆ ಒಂದು ಫೋನ್ ಮಾಡಿ. ‘ಇನ್ನೂ ಸಂಪರ್ಕ ಸಿಕ್ಕಿಲ್ಲ, ಪ್ರಯತ್ನ ನಡೆದಿದೆ’ ಎಂಬ ನಿಜವಾದ ಮಾತು ಕೂಡ ಮನಸ್ಸಿಗೆ ಒಂದು ಆಧಾರ. ಹೈದರಾಬಾದಿನ ಸಾಗರ ಮಾಹಿತಿ ಸಂಸ್ಥೆ ಇನ್‌ಕಾಯ್ಸ್ ಕೊಡುವ ಅಲೆ, ಗಾಳಿಯ ಮುನ್ಸೂಚನೆ ನೋಡದೆ ಬೋಟು ಬಿಡಬೇಡಿ. ಲೈಫ್ ಜಾಕೆಟ್ ಮೂಲೆಯಲ್ಲಿ ಕಟ್ಟಿಡದೆ ಮೈಮೇಲೆ ಇರುವಂತೆ ನೋಡಿಕೊಳ್ಳಿ. ಇಸ್ರೋ ರೂಪಿಸಿದ ಟ್ರಾನ್ಸ್‌ಪಾಂಡರನ್ನು ಬೋಟುಗಳಿಗೆ ಅಳವಡಿಸುವ ಯೋಜನೆಗೆ 2024ರ ಆಗಸ್ಟ್‌ನಲ್ಲಿ ಚಾಲನೆ ಸಿಕ್ಕಿದೆ. ಮೊಬೈಲ್ ಸಿಗ್ನಲ್ ಇಲ್ಲದ ಕಡೆಯಿಂದಲೂ ಅದು ಉಪಗ್ರಹದ ಮೂಲಕ ದಡಕ್ಕೆ ತುರ್ತು ಸಂದೇಶ ಮುಟ್ಟಿಸುತ್ತದೆ. ನಿಮ್ಮ ಬೋಟಿಗೆ ಇನ್ನೂ ಬಂದಿಲ್ಲವಾದರೆ ಇಲಾಖೆಯಲ್ಲಿ ಕೇಳಿ ಹಾಕಿಸಿಕೊಳ್ಳಿ.

ಕಾಯುತ್ತಿರುವ ಅಮ್ಮಂದಿರೇ, ಅಕ್ಕತಂಗಿಯರೇ, ನಿಮ್ಮಲ್ಲೂ ಒಂದೆರಡು ಮಾತು. ಅವರು ಹೊರಡುವ ಮುಂಚೆಯೇ ಬೋಟಿನ ಹೆಸರು, ನೋಂದಣಿ ಸಂಖ್ಯೆ, ತಂಡೇಲರ (ಬೋಟು ನಡೆಸುವವರ) ಹೆಸರು, ಜೊತೆಗೆ ಹೋಗುವ ಬೋಟುಗಳು, ವಾಪಸ್ ಬರುವ ಅಂದಾಜು ದಿನ, ಇಷ್ಟನ್ನೂ ಬರೆದಿಟ್ಟುಕೊಳ್ಳಿ. ಫೋನ್ ಹೋಗುತ್ತಿಲ್ಲ ಎಂದಾಕ್ಷಣ ಕೇಡು ಎಣಿಸಬೇಡಿ, ಕಡಲಿನಲ್ಲಿ ಸಿಗ್ನಲ್ ಇಲ್ಲದಿರುವುದೇ ರೂಢಿ. ಸುದ್ದಿ ನೋಡಲು ಹೊತ್ತು ಗೊತ್ತು ಮಾಡಿಕೊಳ್ಳಿ. ವಿಚಾರಿಸುವ ಕೆಲಸವನ್ನು ಮನೆಯ ಒಬ್ಬರಿಗೆ ಒಪ್ಪಿಸಿ. ಮಕ್ಕಳು ಕೇಳಿದರೆ ಗೊತ್ತಿರುವಷ್ಟನ್ನು ನಿಜವಾಗಿ ಹೇಳಿ. ಎದೆ ಹೊಡೆದುಕೊಳ್ಳುವುದು, ಊಟ ಸೇರದಿರುವುದು, ರಾತ್ರಿಯಿಡೀ ನಿದ್ದೆ ಬಾರದಿರುವುದು ಮುಂದುವರಿದರೆ 14416ಕ್ಕೆ ಕರೆ ಮಾಡಿ. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ. ಹಣ ಕೊಡಬೇಕಿಲ್ಲ, ದಿನದ ಯಾವ ಹೊತ್ತಿಗಾದರೂ ಕನ್ನಡದಲ್ಲೇ ಮಾತಾಡಬಹುದು. ಹೀಗೆ ನೆರವು ಕೇಳುವುದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ನೆರೆಹೊರೆಯವರೇ, ‘ಏನೂ ಆಗಲ್ಲ ಬಿಡಿ’ ಎಂದು ಹೇಳಿ ಹೊರಟುಬಿಡಬೇಡಿ. ಒಂದು ಪಾತ್ರೆ ಗಂಜಿ, ಚಟ್ನಿ ತೆಗೆದುಕೊಂಡು ಹೋಗಿ. ಮಕ್ಕಳನ್ನು ಶಾಲೆಗೆ ಬಿಟ್ಟು ಬನ್ನಿ. ಕಚೇರಿಗೆ ಅಲೆಯಬೇಕಾದರೆ ಜೊತೆಗೆ ಹೋಗಿ. ಅವರು ಮಾತಾಡಿದರೆ ಕೇಳಿ, ಆಡದಿದ್ದರೆ ಸುಮ್ಮನೆ ಪಕ್ಕದಲ್ಲಿ ಕುಳಿತಿರಿ.

ಈ ಋತುವಿನ ಬೋಟುಗಳು ಕಡಲಿಗಿಳಿಯುವ ಮುನ್ನ ಪ್ರತಿ ಬಂದರಿನ ಮೀನುಗಾರರ ಸಂಘವೂ ಒಂದು ಸಭೆ ಕರೆಯಲಿ ಎಂಬುದು ನನ್ನ ಕೊನೆಯ ಬೇಡಿಕೆ. ಕಡಲಿಗೆ ಹೋಗುವವರ ಮನೆಯ ಹೆಂಗಸರನ್ನೂ ಅಲ್ಲಿಗೆ ಕರೆಯಿರಿ. ಆಪತ್ತಿನ ದಿನ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದು ಅಲ್ಲೇ ತೀರ್ಮಾನವಾಗಲಿ, ಆ ಪಟ್ಟಿ ಪ್ರತಿ ಮನೆಯ ಗೋಡೆಯ ಮೇಲೂ ಇರಲಿ. ಬಿರುಗಾಳಿಯನ್ನು ತಡೆಯುವುದು ನಮ್ಮ ಕೈಯಲ್ಲಿಲ್ಲ. ಕಾಯುವವರಿಗೆ ನಿಜ ಹೇಳುವುದು, ಅವರನ್ನು ಒಂಟಿಯಾಗಿ ಬಿಡದಿರುವುದು ನಮ್ಮ ಕೈಯಲ್ಲಿದೆ. ದಯವಿಟ್ಟು ಅಷ್ಟನ್ನು ಮಾಡೋಣ.