ಬಾಡಿಗೆ ಕೊಟ್ಟರೂ ಮಾರಿಕೊಳ್ಳದ ಮನೆ

2018ರ ನವೆಂಬರ್‌ನಲ್ಲಿ ನಮ್ಮೆಲ್ಲರ ಮೊಬೈಲ್‌ಗಳಲ್ಲಿ ಓಡಾಡಿದ ದೀಪಿಕಾ ಪಡುಕೋಣೆ ಮತ್ತು ರಣವೀರ್ ಸಿಂಗ್ ಮದುವೆಯ ಫೋಟೊಗಳು ನಿಮಗೂ ನೆನಪಿರಬಹುದು. ಇಟಲಿಯ ಕೊಮೊ ಸರೋವರದ ದಂಡೆಯಲ್ಲಿ 14ರಂದು ಕೊಂಕಣಿ ಪದ್ಧತಿಯಲ್ಲಿ, ಮರುದಿನ ಸಿಂಧಿ ಪದ್ಧತಿಯಲ್ಲಿ ಮದುವೆ ನಡೆಯಿತು. ಸೀರೆ ಯಾರು ಕೊಟ್ಟದ್ದು, ಒಡವೆ ಎಷ್ಟು ಬೆಲೆಯದ್ದು ಎಂದು ವಾರಗಟ್ಟಲೆ ಚರ್ಚೆ ಮಾಡಿದೆವು. ಹಿಂದೆ ಕಾಣುತ್ತಿದ್ದ ಮನೆ ಯಾರದ್ದು ಎಂದು ಮಾತ್ರ ಯಾರೂ ಕೇಳಲಿಲ್ಲ. ನನ್ನ ಪ್ರಕಾರ ಕೇಳಬೇಕಾದ ಪ್ರಶ್ನೆ ಅದೇ ಆಗಿತ್ತು.

ಆ ಮನೆಯ ಹೆಸರು ವಿಲ್ಲಾ ಡೆಲ್ ಬಾಲ್ಬಿಯಾನೆಲ್ಲೊ. ಲೆನ್ನೊ ಎಂಬ ಸಣ್ಣ ಊರಿನ ಪಕ್ಕ, ಸರೋವರದೊಳಕ್ಕೆ ಚಾಚಿದ ಬಂಡೆಗಲ್ಲಿನ ಮೂತಿಯ ಮೇಲೆ ನಿಂತಿದೆ. ಅಲ್ಲಿ ಮೊದಲು ಫ್ರಾನ್ಸಿಸ್ಕನ್ ಸನ್ಯಾಸಿಗಳ ಮಠವಿತ್ತು. 18ನೇ ಶತಮಾನದ ಕೊನೆಯಲ್ಲಿ ಕಾರ್ಡಿನಲ್ ಆಂಜೆಲೊ ಮಾರಿಯಾ ಡುರಿನಿ ಅದನ್ನು ಬೇಸಿಗೆ ಮನೆಯಾಗಿ ಬದಲಾಯಿಸಿದ. ಮಠದ ಎರಡು ಗಂಟೆಗೋಪುರಗಳು ಈಗಲೂ ಉಳಿದಿವೆ. ಕೈಯಿಂದ ಕೈಗೆ ದಾಟಿದ ಮನೆಯನ್ನು 1974ರಲ್ಲಿ ಗ್ವಿಡೊ ಮೊಂಜಿನೊ ಕೊಂಡ. ಈತ ಶ್ರೀಮಂತ ವ್ಯಾಪಾರಿ ಕುಟುಂಬದವನು. 1971ರಲ್ಲಿ ಉತ್ತರ ಧ್ರುವಕ್ಕೆ ಹೋಗಿಬಂದವನು, 1973ರಲ್ಲಿ ಎವರೆಸ್ಟ್ ಏರಿದ ಮೊದಲ ಇಟಾಲಿಯನ್ ತಂಡದ ನಾಯಕ. ಅವನ ಸಾಹಸಯಾತ್ರೆಗಳ ನೆನಪಿನ ವಸ್ತುಗಳು ಇಂದು ಆ ಮನೆಯಲ್ಲೇ ಪ್ರದರ್ಶನಕ್ಕಿವೆ.

ಮೊಂಜಿನೊ 1988ರಲ್ಲಿ ತೀರಿಕೊಂಡ. ತೋಟದಲ್ಲಿದ್ದ ಹಳೆಯ ಮಂಜುಗಡ್ಡೆ ಕೋಣೆಯಲ್ಲೇ ಅವನ ಸಮಾಧಿ ಇದೆ. ಮನೆ, ತೋಟ ಎಲ್ಲವನ್ನೂ ಅವನು ಉಯಿಲಿನ ಮೂಲಕ ‘ಫಾಯ್’ ಎಂಬ ಸಂಸ್ಥೆಗೆ ಬಿಟ್ಟುಹೋದ. ಬ್ರಿಟನ್ನಿನ ನ್ಯಾಷನಲ್ ಟ್ರಸ್ಟ್ ಮಾದರಿಯಲ್ಲಿ 1975ರಲ್ಲಿ ಹುಟ್ಟಿದ ಲಾಭರಹಿತ ಸಂಸ್ಥೆ ಇದು. ಇಟಲಿಯ ಹಳೆಯ ಮನೆ, ಕೋಟೆ, ತೋಟಗಳನ್ನು ದಾನವಾಗಿ ಪಡೆದು, ರಿಪೇರಿ ಮಾಡಿ, ಜನರಿಗೆ ತೆರೆದಿಡುವುದು ಇದರ ಕೆಲಸ. ಇದೇ ಸಂಸ್ಥೆ ಬಾಲ್ಬಿಯಾನೆಲ್ಲೊವನ್ನು ಮದುವೆಗಳಿಗೆ, ಸಿನಿಮಾ ಚಿತ್ರೀಕರಣಕ್ಕೆ ಬಾಡಿಗೆಗೆ ಕೊಟ್ಟಿದೆ. 2002ರ ‘ಸ್ಟಾರ್ ವಾರ್ಸ್’ ಚಿತ್ರದ ಮದುವೆ ದೃಶ್ಯ, 2006ರ ‘ಕ್ಯಾಸಿನೊ ರಾಯಲ್’ನಲ್ಲಿ ಜೇಮ್ಸ್ ಬಾಂಡ್ ಚೇತರಿಸಿಕೊಳ್ಳುವ ದೃಶ್ಯ ತೆಗೆದದ್ದು ಇಲ್ಲಿಯೇ.

‘ಪಾರಂಪರಿಕ ಕಟ್ಟಡವನ್ನು ಬಾಡಿಗೆಗೆ ಕೊಡುವುದೆಂದರೆ ಇತಿಹಾಸವನ್ನೇ ಮಾರಿದಂತೆ’ ಎನ್ನುವ ಗೆಳೆಯರು ನನಗಿದ್ದಾರೆ. ಇತಿಹಾಸದ ಎಂ.ಎ. ಓದುತ್ತಿರುವ ನಾನು ಹಾಗೆಯೇ ಹೇಳುತ್ತೇನೆಂದು ಅವರ ನಿರೀಕ್ಷೆ. ಆದರೆ ಶನಿವಾರ, ಭಾನುವಾರ ಮದುವೆಗಳ ಅಲಂಕಾರದ ತಂಡದಲ್ಲಿ ದಿನಗೂಲಿಗೆ ದುಡಿಯುವ ನನಗೆ ಈ ಮಾತು ಅಷ್ಟು ಸರಳವಾಗಿ ಕಾಣುವುದಿಲ್ಲ. ಬೀಗ ಹಾಕಿಟ್ಟ ಮನೆಯೂ ಉಳಿಯುವುದಿಲ್ಲ. ಮಳೆ ಸೋರುತ್ತದೆ, ಗೆದ್ದಲು ಹಿಡಿಯುತ್ತದೆ, ಕೊನೆಗೊಂದು ದಿನ ಜೆಸಿಬಿ ಬರುತ್ತದೆ. ಹಳೆಯ ಮನೆ ನಿಲ್ಲಬೇಕಾದರೆ ಅದಕ್ಕೂ ದುಡಿಮೆ ಬೇಕು.

ಹಾಗೆಂದು ಹೇಗೆ ಬಾಡಿಗೆ ಕೊಟ್ಟರೂ ಸರಿಯೇ? ಕಳೆದ ವರ್ಷ ಹಳೆಯ ಬಂಗಲೆಯೊಂದರಲ್ಲಿ ಆರತಕ್ಷತೆಗೆ ಹೂವಿನ ಕಮಾನು ಕಟ್ಟಲು ಹೋಗಿದ್ದೆವು. ಕೆತ್ತನೆಯ ತೇಗದ ಕಂಬಕ್ಕೆ ಡ್ರಿಲ್ ಹಾಕಿ ಕೊಕ್ಕೆ ಕೂರಿಸಲು ನಮ್ಮ ಗುತ್ತಿಗೆದಾರರು ಹೇಳಿದರು. ಬೇಡವೆಂದು ತಡೆಯಲು ಅಲ್ಲಿ ಯಾರೂ ಇರಲಿಲ್ಲ. ‘ಅಣ್ಣಾ, ಹಗ್ಗದಲ್ಲೇ ಬಿಗಿಯೋಣ’ ಎಂದು ನಾನೂ ಇನ್ನೊಬ್ಬನೂ ಹಟ ಹಿಡಿದ ಮೇಲೆ ಆ ಕಂಬ ಉಳಿಯಿತು. ಪಕ್ಕದ ಕಂಬದಲ್ಲಿ ಅದಾಗಲೇ ಹನ್ನೊಂದು ತೂತುಗಳಿದ್ದವು. ಹನ್ನೊಂದು ಮದುವೆಗಳ ಬಾಡಿಗೆ ಬಂದಿರಬೇಕು, ಕಂಬಕ್ಕೆ ಮಾತ್ರ ಒಂದು ರೂಪಾಯಿಯೂ ತಲುಪಿರಲಿಲ್ಲ. ಬಾಡಿಗೆಯ ಹಣ ಆ ಮನೆಗೇ ವಾಪಸು ಬರುತ್ತದೆಯೇ? ಮನೆಯ ಪರವಾಗಿ ‘ಬೇಡ’ ಎನ್ನುವ ಅಧಿಕಾರ ಯಾರಿಗಾದರೂ ಇದೆಯೇ? ಈ ಎರಡು ಪ್ರಶ್ನೆಗಳು ನನಗೆ ಅಂದು ಹುಟ್ಟಿಕೊಂಡವು.

ಮೂರನೆಯದು ಇನ್ನೂ ಮುಖ್ಯವಾದದ್ದು. ನನ್ನಂಥವನು ಅಲ್ಲಿಗೆ ಹೋಗಬಹುದೇ? ಕೊಮೊ ಸರೋವರದ ಇನ್ನೊಂದು ಪ್ರಸಿದ್ಧ ಮನೆ ಚೆರ್ನೊಬ್ಬಿಯೊ ಊರಿನ ವಿಲ್ಲಾ ದೆಸ್ತೆ. 16ನೇ ಶತಮಾನದಲ್ಲಿ ಕಟ್ಟಿದ ಅದು 1873ರಿಂದ ಐಷಾರಾಮಿ ಹೋಟೆಲ್. ಚೆನ್ನಾಗಿಯೇ ಉಳಿದಿದೆ, ಆದರೆ ಅದು ಉಳಿದಿರುವುದು ದುಬಾರಿ ಬಿಲ್ ಕಟ್ಟುವವರಿಗಾಗಿ. ಬಾಲ್ಬಿಯಾನೆಲ್ಲೊ ಹಾಗಲ್ಲ. ಲೆನ್ನೊದಿಂದ ದೋಣಿ ಹತ್ತಿಯೋ ಕಾಲುದಾರಿಯಲ್ಲಿ ನಡೆದೋ ಹೋಗಿ, ಟಿಕೆಟ್ ತೆಗೆದುಕೊಂಡು ಯಾರು ಬೇಕಾದರೂ ಆ ತೋಟದಲ್ಲಿ ಓಡಾಡಬಹುದು. ಸ್ಟಾರ್ ದಂಪತಿ ನಿಂತ ಜಾಗದಲ್ಲೇ ಶಾಲಾ ಮಕ್ಕಳೂ ನಿಂತು ಸರೋವರ ನೋಡುತ್ತಾರೆ. ಶ್ರೀಮಂತರ ಮದುವೆಯ ದಿನ ಗೇಟು ಮುಚ್ಚಿದರೆ ನನಗೂ ಕಸಿವಿಸಿಯೇ. ಆದರೆ ಅವರು ಒಂದು ದಿನಕ್ಕೆ ಕೊಡುವ ದುಡ್ಡಿನಿಂದ ಉಳಿದ ದಿನಗಳಲ್ಲಿ ಗೇಟು ತೆರೆದಿರುವುದಾದರೆ ಆ ಲೆಕ್ಕವನ್ನು ನಾನು ಒಪ್ಪುತ್ತೇನೆ.

ಇನ್ನು ತೋಟದ ವಿಷಯ. ಅಲ್ಲಿ ಇರುವುದು ಬಂಡೆ. ಸಾಲಾಗಿ, ಚೌಕ ಚೌಕವಾಗಿ ಹೂಪಾತಿ ಮಾಡಲು ಸಮತಟ್ಟು ಜಾಗವೇ ಇಲ್ಲ. ಹಾಗಾಗಿ ಇಳಿಜಾರಿನಲ್ಲೇ ಹಂತಹಂತವಾಗಿ ತೋಟ ಮಾಡಿದ್ದಾರೆ. ದೊಡ್ಡ ಓಕ್ ಮರವೊಂದನ್ನು ಬಿಚ್ಚಿದ ಕೊಡೆಯಂತೆ, ಪ್ಲೇನ್ ಮರಗಳನ್ನು ಕವಲೊಡೆದ ದೀಪಸ್ತಂಭಗಳಂತೆ ಕತ್ತರಿಸಿ ಬೆಳೆಸಿದ್ದಾರೆ. ಕಮಾನುಗಳ ಜಗಲಿಯ ಮೇಲೆ ಅಂಟುಬಳ್ಳಿ ಹಬ್ಬಿದೆ. ಒಂದೆರಡು ವರ್ಷ ಕತ್ತರಿ ಬೀಳದಿದ್ದರೆ ಕೊಡೆ ಮತ್ತೆ ಬರೀ ಮರವಾಗುತ್ತದೆ. ಅಂದರೆ ಫೋಟೊದಲ್ಲಿ ನಾವು ಮೆಚ್ಚಿದ ಅಂದ ವರ್ಷವರ್ಷವೂ ಯಾರೋ ಮಾಲಿಗಳು ದುಡಿದು ಕೊಟ್ಟದ್ದು. ತೋಟಗಾರಿಕೆ ಓದುವವರು, ಮರಗೆಲಸ ಬಲ್ಲವರು, ಹಳೆಯ ಗಾರೆ ಗೋಡೆ ರಿಪೇರಿ ಮಾಡುವವರು, ಕಾಗದಪತ್ರ ಓದಬಲ್ಲ ಇತಿಹಾಸದವರು ಎಲ್ಲರಿಗೂ ಇಂಥ ಮನೆಯಲ್ಲಿ ಕೆಲಸವಿದೆ. ‘ಹಿಸ್ಟರಿ ಓದಿ ಏನ್ ಮಾಡ್ತೀಯಪ್ಪಾ?’ ಎಂದು ನೆಂಟರು ಕೇಳಿದಾಗಲೆಲ್ಲ ನನಗೆ ಈ ತೋಟ ನೆನಪಾಗುತ್ತದೆ.

ಫಾಯ್ ಮಾಡುವ ಇನ್ನೊಂದು ಕೆಲಸ ನನಗೆ ಎಲ್ಲಕ್ಕಿಂತ ಇಷ್ಟ. 1993ರಿಂದ ಪ್ರತಿ ವಸಂತದಲ್ಲೂ ಅದು ಇಟಲಿಯಾದ್ಯಂತ, ಸಾಮಾನ್ಯವಾಗಿ ಮುಚ್ಚಿರುವ ಹಳೆಯ ಕಟ್ಟಡಗಳ ಬಾಗಿಲನ್ನು ಜನರಿಗೆ ತೆರೆಸುತ್ತದೆ. 1996ರಿಂದ ಶಾಲಾ ವಿದ್ಯಾರ್ಥಿಗಳಿಗೆ ತರಬೇತಿ ಕೊಟ್ಟು, ಅವರವರ ಊರಿನ ತಾಣಗಳನ್ನು ಅವರಿಂದಲೇ ವಿವರಿಸಿ ಹೇಳಿಸುತ್ತಿದೆ. ಹದಿನೇಳು ವರ್ಷದ ಹುಡುಗಿಯೊಬ್ಬಳು ನೂರಾರು ಜನರ ಮುಂದೆ ತನ್ನೂರಿನ ಮನೆಯ ಕಥೆ ಹೇಳಿದರೆ, ಮುಂದೆ ಆ ಮನೆಯ ಕಂಬಕ್ಕೆ ಡ್ರಿಲ್ ಹಾಕಲು ಅವಳು ಬಿಟ್ಟಾಳೆಯೇ? ಕಾವಲುಗಾರನಿಗಿಂತ ಗಟ್ಟಿಯಾದ ಕಾವಲು ಅದು.

ನಮ್ಮಲ್ಲೂ ಹಳೆಯ ಬಂಗಲೆ, ವಾಡೆ, ತೊಟ್ಟಿಮನೆಗಳು ಮದುವೆ ಮತ್ತು ಪ್ರೀವೆಡ್ಡಿಂಗ್ ಶೂಟಿಂಗ್‌ಗೆ ಸಿಗುತ್ತಿವೆ. ಇದನ್ನು ನಿಲ್ಲಿಸಿ ಎಂದು ನಾನು ಹೇಳುವುದಿಲ್ಲ. ನನ್ನ ಅನ್ನವೂ ಅದರಲ್ಲಿದೆ. ಬಾಡಿಗೆಯ ಒಂದು ಪಾಲು ಆ ಮನೆಯ ರಿಪೇರಿಗೆಂದೇ ತೆಗೆದಿಡಲಿ. ಎಲ್ಲಿ ಮೊಳೆ ಹೊಡೆಯಬಾರದು, ಎಲ್ಲಿ ಜನರೇಟರ್ ಇಡಬಾರದು ಎಂಬುದನ್ನು ಕರಾರಿನಲ್ಲೇ ಬರೆಯಲಿ. ವರ್ಷಕ್ಕೆ ಕೆಲವು ದಿನವಾದರೂ ಊರಿನವರಿಗೆ ಬಾಗಿಲು ತೆರೆಯಲಿ, ಹತ್ತಿರದ ಕಾಲೇಜಿನ ಹುಡುಗ ಹುಡುಗಿಯರು ಆ ದಿನ ಮನೆ ತೋರಿಸಲಿ. ಮಾಲೀಕರು ಇದನ್ನು ತಾವಾಗಿಯೇ ಮಾಡಲಿಕ್ಕಿಲ್ಲ. ಬುಕ್ ಮಾಡುವವರು ಕೇಳಿದರೆ ಮಾಡುತ್ತಾರೆ. ನಾಳೆ ಅಕ್ಕನ ಮದುವೆಗೋ ಗೆಳೆಯನ ಫೋಟೊಶೂಟ್‌ಗೋ ಹಳೆಯ ಮನೆ ಹುಡುಕುವವರು ನಾವೇ. ದರ ಕೇಳುವಾಗ, ಆ ದುಡ್ಡಿನಲ್ಲಿ ಮನೆಗೆ ಎಷ್ಟು ಹೋಗುತ್ತದೆ ಎಂದೂ ಒಂದು ಮಾತು ಕೇಳೋಣ.