ಊರಿನ ದಾದಿ ಊರಿನವಳೇ ಆಗಿರಲಿ

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ರಾತ್ರಿ ಎರಡು ಗಂಟೆಗೆ ಒಂದು ಮಗು ಹಾಲು ಕುಡಿಯುವುದನ್ನು ನಿಲ್ಲಿಸಿತು ಎಂದಿಟ್ಟುಕೊಳ್ಳಿ. ಹುಟ್ಟಿ ಒಂಬತ್ತು ದಿನದ ಕೂಸು. ಮುಟ್ಟಿದರೆ ಪಾದ ತಣ್ಣಗಿದೆ, ಉಸಿರು ಬೇಗ ಬೇಗ ಹೋಗುತ್ತಿದೆ. ದೃಷ್ಟಿಯಾಗಿದೆ ಎನ್ನುತ್ತಾಳೆ ಅಜ್ಜಿ. ಬೆಳಗಾಗಲಿ, ಜಗಳೂರಿಗೆ ಹೋಗೋಣ ಎನ್ನುತ್ತಾನೆ ಅಪ್ಪ. ಬಾಣಂತಿಗೆ ಏನೂ ತೋಚದು. ಜಗಳೂರಿನಲ್ಲಿ ಆಗದು ಎಂದರೆ ಅಲ್ಲಿಂದ ದಾವಣಗೆರೆಗೆ ಮತ್ತೆ ಸುಮಾರು 50 ಕಿಲೋಮೀಟರ್. ಆ ಹೊತ್ತಿನಲ್ಲಿ ಈ ಮನೆಗೆ ಬೇಕಾಗಿರುವುದು ದೊಡ್ಡ ಡಾಕ್ಟರಲ್ಲ. ಎಳೆಗೂಸಿನ ಉಸಿರು ನಿಮಿಷಕ್ಕೆ 60 ದಾಟಿದರೆ ಅಪಾಯ ಎಂದು ಎಣಿಸಿ ನೋಡಬಲ್ಲ, ಮಗುವನ್ನು ತಾಯಿಯ ಎದೆಗೆ ಅವಚಿಸಿ ಬೆಚ್ಚಗಿಡಿಸಬಲ್ಲ, 108ಕ್ಕೆ ಫೋನು ಮಾಡಿಸಿ ‘ಈಗಲೇ ಹೊರಡಿ’ ಎಂದು ಅಜ್ಜಿಯನ್ನೂ ಗದರಿಸಬಲ್ಲ ಒಬ್ಬ ಹೆಣ್ಣುಮಗಳು. ಅವಳ ಮನೆ ನಾಲ್ಕು ಮನೆ ಆಚೆ ಇರಬೇಕು. ಅಷ್ಟೆ.

ಈ ಅಂಕಣದಲ್ಲಿ ಸಾಮಾನ್ಯವಾಗಿ ರೋಗ, ಔಷಧಿ, ಪಥ್ಯದ ಮಾತು ಇರುತ್ತದೆ. ಈ ವಾರ ಔಷಧಿ ಕೊಡುವ ಕೈಗಳ ವಿಚಾರ. ಆ ಕೈಗಳು ಎಲ್ಲಿಂದ ಬರಬೇಕು?

ಎಲ್ಲಿಂದಲೋ ಬರಲಿ, ಸರ್ಕಾರ ಕಳಿಸಲಿ ಎಂಬುದು ನಮ್ಮ ಹಳೆಯ ಉತ್ತರ. ಬಯಲು ಸೀಮೆಯಲ್ಲಿ 30,000 ಜನರಿಗೆ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರ, 5,000 ಜನರಿಗೆ ಒಂದು ಉಪಕೇಂದ್ರ ಎಂಬ ಲೆಕ್ಕಾಚಾರ ದಶಕಗಳಿಂದ ಇದೆ. ಕಟ್ಟಡಗಳೂ ಬಂದಿವೆ. ದೇಶದಲ್ಲೇ ಅತಿ ಹೆಚ್ಚು ವೈದ್ಯಕೀಯ ಕಾಲೇಜುಗಳಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವಿದೆ. ನರ್ಸಿಂಗ್ ಕಾಲೇಜುಗಳಿಗಂತೂ ಬರವಿಲ್ಲ. ಹಾಗಿದ್ದೂ ಹಳ್ಳಿಗೆ ಬರುವವರಿಲ್ಲ ಎಂದೇ 2012ರಲ್ಲಿ ರಾಜ್ಯವು ವೈದ್ಯ ಪದವೀಧರರಿಗೆ ಕಡ್ಡಾಯ ಸೇವೆಯ ಕಾನೂನು ಮಾಡಬೇಕಾಯಿತು. ಕಾನೂನು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಒಂದು ವರ್ಷಕ್ಕೆಂದು ಬಂದವರು ಮುಂದಿನ ಪ್ರವೇಶ ಪರೀಕ್ಷೆಗೆ ಓದುತ್ತಾ ದಿನ ಎಣಿಸಿದರೆ ಅವರನ್ನು ದೂರುವಂತಿಲ್ಲ. ಅವರಿಗೆ ಆ ಊರು ಪರಿಚಯವಾಗುವ ಹೊತ್ತಿಗೆ ವರ್ಷ ಮುಗಿದಿರುತ್ತದೆ. ನಗರದಲ್ಲಿ ಬೆಳೆದು, ಮಕ್ಕಳ ಶಾಲೆ ಮತ್ತು ಗಂಡನದೋ ಹೆಂಡತಿಯದೋ ಕೆಲಸ ನಗರದಲ್ಲೇ ಇದ್ದರೆ, ಎಷ್ಟು ಸಂಬಳ ಕೊಟ್ಟರೂ ಕಾಲು ಅತ್ತಲೇ ಎಳೆಯುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ 2010ರಲ್ಲಿ ಈ ಪ್ರಶ್ನೆಗೆಂದೇ ಒಂದು ಮಾರ್ಗಸೂಚಿ ಹೊರತಂದಿತು. ಅದರಲ್ಲಿ ಮೊದಲಿಗೇ ಬರುವ ಸಲಹೆ ಬಹಳ ಸರಳ: ಹಳ್ಳಿಯಲ್ಲಿ ಹುಟ್ಟಿ ಬೆಳೆದವರನ್ನು ಆರಿಸಿ, ಓದಿಸಿ. ಅವರು ಹಳ್ಳಿಯಲ್ಲಿ ಉಳಿಯುವ ಸಂಭವ ಹೆಚ್ಚು. ನಮ್ಮ ಅಜ್ಜಂದಿರಿಗೆ ಇದನ್ನು ಹೇಳಲು ಜಿನೀವಾದಿಂದ ಯಾರೂ ಬರಬೇಕಾಗಿರಲಿಲ್ಲ, ಆ ಮಾತು ಬೇರೆ.

ಜಪಾನಿನವರು ಇದನ್ನು ಎಂದೋ ಮಾಡಿದ್ದಾರೆ. ಅಲ್ಲಿನ ಎಲ್ಲ ಪ್ರಾಂತ್ಯಗಳೂ ಸೇರಿ 1972ರಲ್ಲಿ ಜಿಚಿ ಎಂಬ ವೈದ್ಯಕೀಯ ವಿದ್ಯಾಲಯವನ್ನು ಕಟ್ಟಿದವು. ಒಂದೊಂದು ಪ್ರಾಂತ್ಯವೂ ಪ್ರತಿವರ್ಷ ತನ್ನ ಎರಡು ಮೂರು ವಿದ್ಯಾರ್ಥಿಗಳನ್ನು ಆರಿಸಿ ಕಳಿಸುತ್ತದೆ, ಖರ್ಚನ್ನೂ ಭರಿಸುತ್ತದೆ. ಓದು ಮುಗಿದ ಮೇಲೆ ಅವರು 9 ವರ್ಷ ತಮ್ಮದೇ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಬೇಕು. ಅವಧಿ ಮುಗಿದ ಮೇಲೂ ಬಹುಪಾಲು ಮಂದಿ ಅಲ್ಲೇ ಉಳಿಯುತ್ತಾರೆ. ನಮ್ಮಲ್ಲಿ ಒಂದರಿಂದ ಹತ್ತನೇ ತರಗತಿವರೆಗೆ ಹಳ್ಳಿಯಲ್ಲಿ ಓದಿದವರಿಗೆ ವೃತ್ತಿಶಿಕ್ಷಣದಲ್ಲಿ ಶೇ 15ರ ಗ್ರಾಮೀಣ ಮೀಸಲಾತಿ ಇದೆ. ಒಳ್ಳೆಯದೇ. ಆದರೆ ಸೀಟು ಕೊಟ್ಟ ಮೇಲೆ ಆ ಹುಡುಗನಿಗೂ ಅವನ ಊರಿಗೂ ಯಾವ ದಾರವನ್ನೂ ಕಟ್ಟಲಿಲ್ಲ. ಊರು ಅವನನ್ನು ಕಳಿಸಲಿಲ್ಲ, ಹಾಗಾಗಿ ಅವನು ಊರಿಗೆ ಮರಳುವ ಪ್ರಶ್ನೆಯೂ ಬರಲಿಲ್ಲ.

ಡಾಕ್ಟರ ಮಾತು ದೊಡ್ಡದಾಯಿತು. ಸೊಕ್ಕೆಯ ಆ ರಾತ್ರಿಗೆ ಮರಳೋಣ. ಅಲ್ಲಿಗೆ ಬೇಕಾದದ್ದು ಓದು ಬರಹ ಬಲ್ಲ, ಚೆನ್ನಾಗಿ ತರಬೇತಾದ ಒಬ್ಬ ಹೆಂಗಸು ಎಂದೆನಲ್ಲ, ಅದು ಬರೀ ಆಸೆಯ ಮಾತಲ್ಲ. ಮಹಾರಾಷ್ಟ್ರದ ಗಡಚಿರೋಲಿಯಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಇದನ್ನು ಮಾಡಿ ತೋರಿಸಿದ್ದಾರೆ. 39 ಹಳ್ಳಿಗಳಲ್ಲಿ ಆಯಾ ಊರಿನ, ಕೆಲವೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ನವಜಾತ ಶಿಶುವಿನ ಆರೈಕೆ ಕಲಿಸಿದರು. ತೂಕ ನೋಡುವುದು, ಉಸಿರು ಎಣಿಸುವುದು, ಬೆಚ್ಚಗಿಡುವುದು, ನಂಜು ಏರಿದ ಮಗುವನ್ನು ಗುರುತಿಸಿ ಚುಚ್ಚುಮದ್ದು ಕೊಡುವುದು. ಸಾವಿರ ಮಕ್ಕಳು ಹುಟ್ಟಿದರೆ ಮೊದಲ ತಿಂಗಳಲ್ಲೇ 62 ಮಕ್ಕಳು ಸಾಯುತ್ತಿದ್ದ ಆ ಹಳ್ಳಿಗಳಲ್ಲಿ ಕೆಲವೇ ವರ್ಷಗಳಲ್ಲಿ ಆ ಸಂಖ್ಯೆ ಸುಮಾರು 25ಕ್ಕೆ ಇಳಿಯಿತು. 1999ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಈ ವರದಿ ಪ್ರಕಟವಾದಾಗ ವೈದ್ಯಲೋಕವೇ ಕಣ್ಣರಳಿಸಿತು. 2011ರಿಂದ ದೇಶದಾದ್ಯಂತ ಆಶಾ ಕಾರ್ಯಕರ್ತೆಯರು ಬಾಣಂತಿಯ ಮನೆಗೆ 3, 7, 14, 21, 28 ಮತ್ತು 42ನೇ ದಿನ ಬಂದು ಮಗುವನ್ನು ನೋಡುವ ಪದ್ಧತಿಗೆ ಮೂಲ ಅದೇ. ನಿಮ್ಮ ಮನೆಯಲ್ಲಿ ಬಾಣಂತಿ ಇದ್ದರೆ ಈ ದಿನಗಳನ್ನು ಕ್ಯಾಲೆಂಡರಿನ ಮೇಲೆ ಗುರುತು ಮಾಡಿಕೊಳ್ಳಿ. ಆಕೆ ಬಾರದಿದ್ದರೆ ಕೇಳಿ.

ನಮ್ಮ ರಾಜ್ಯದಲ್ಲೇ ಇನ್ನೊಂದು ಉದಾಹರಣೆ ಇದೆ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಆರಂಭಿಸಿದರು. ಕೆಳಗಿನಿಂದ ದಾದಿಯರನ್ನು ಎಷ್ಟು ಸಲ ಕರೆತಂದರೂ ಕಾಡಿನ ಪೋಡಿನಲ್ಲಿ ಅವರು ನಿಲ್ಲುವುದು ಕಷ್ಟ ಎಂಬುದು ಎಲ್ಲರಿಗೂ ಗೊತ್ತಿದ್ದ ವಿಷಯ. ಕೇಂದ್ರವು ಸೋಲಿಗರ ಹೆಣ್ಣುಮಕ್ಕಳಿಗೇ ಸಹಾಯಕ ದಾದಿಯ ತರಬೇತಿ ಕೊಟ್ಟಿತು. ಅವರಿಗೆ ಭಾಷೆ ಗೊತ್ತು, ಕಾಲುದಾರಿ ಗೊತ್ತು, ಯಾವ ಮನೆಯಲ್ಲಿ ಯಾರ ಮಾತು ನಡೆಯುತ್ತದೆ ಎಂಬುದೂ ಗೊತ್ತು. ಇದರ ಸೋದರ ಸಂಸ್ಥೆ ಕರುಣಾ ಟ್ರಸ್ಟ್ 1996ರಲ್ಲಿ ಯಳಂದೂರು ತಾಲ್ಲೂಕಿನ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆ ವಹಿಸಿಕೊಂಡಿತು. ಹಣ ಸರ್ಕಾರದ್ದು, ನಿರ್ವಹಣೆ ಸಂಸ್ಥೆಯದು, ಜನ ಅಲ್ಲಿಯವರು. ಮೂವರೂ ಕೈ ಜೋಡಿಸಿದರೆ ಕೆಲಸ ನಡೆಯುತ್ತದೆ ಎಂಬುದಕ್ಕೆ ಸಾಕ್ಷಿಗಾಗಿ ನಾವು ಹೊರದೇಶಕ್ಕೆ ಹೋಗಬೇಕಾಗಿಲ್ಲ.

ಜಗಳೂರು ಸೀಮೆಗೆ ಇದು ಯಾಕೆ ಇನ್ನೂ ಹೆಚ್ಚು ಅನ್ವಯಿಸುತ್ತದೆ ಎಂದರೆ, ಇಲ್ಲಿನ ರೋಗಗಳಿಗೂ ನೆಲಕ್ಕೂ ನಂಟಿದೆ. ಇದು ಮಳೆ ಕೈಕೊಡುವ ತಾಲ್ಲೂಕು. ಕೊಳವೆಬಾವಿ ಆಳಕ್ಕಿಳಿದಷ್ಟೂ ನೀರಿನಲ್ಲಿ ಫ್ಲೋರೈಡ್ ಕಾಟ. ಮಕ್ಕಳ ಹಲ್ಲಿನ ಕಂದು ಪಟ್ಟೆ, ವಯಸ್ಸಾದವರ ಬಗ್ಗದ ಬೆನ್ನು ಮತ್ತು ಕೀಲುನೋವನ್ನು ‘ವಾಯು’ ಎಂದು ತಳ್ಳಿಹಾಕದೆ, ಯಾವ ಬೋರಿನ ನೀರು ಕುಡಿಯುತ್ತೀರಿ ಎಂದು ಮೊದಲು ಕೇಳುವವಳು ಆ ಬೋರು ಕೊರೆದಾಗ ನಿಂತು ನೋಡಿದವಳೇ. (ನೀರು ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ ಎಂಬುದನ್ನು ಇಲ್ಲೇ ಹೇಳಿಬಿಡುತ್ತೇನೆ, ಕುದಿಸಿದಷ್ಟೂ ಅದು ಗಟ್ಟಿಯಾಗುತ್ತದೆ.) ಬೆಳೆ ಕೈಕೊಟ್ಟ ವರ್ಷ ಕುಟುಂಬಗಳು ಗುಳೆ ಹೋಗುತ್ತವೆ. ಯಾವ ಮನೆಗೆ ಬೀಗ ಬಿದ್ದಿದೆ, ಆ ಮನೆಯ ಮಗುವಿಗೆ ಯಾವ ಲಸಿಕೆ ತಪ್ಪಿತು, ಬಸುರಿ ಹೆಂಗಸು ಯಾವ ತಿಂಗಳಲ್ಲಿ ಮಲೆನಾಡಿನ ತೋಟಕ್ಕೆ ಹೊರಟಳು, ಇದು ಯಾವ ಕಂಪ್ಯೂಟರಿನಲ್ಲೂ ಮೊದಲು ಬರುವುದಿಲ್ಲ. ನೀರಿನ ಕೊಡ ಹೊತ್ತು ಜೊತೆಗೆ ನಡೆದವಳಿಗೆ ಗೊತ್ತಿರುತ್ತದೆ.

ಹಾಗೆಂದು ಊರಿನವಳಾದರೆ ಸಾಕು, ತರಬೇತಿ ಹೇಗಿದ್ದರೂ ನಡೆದೀತು ಎಂದುಕೊಂಡರೆ ಅಪಾಯ. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಸಾವಿರಾರು ಹೆರಿಗೆ ಮಾಡಿಸಿದ ಆ ಕೈಗಳ ಕುಶಲತೆ ನಿಜವಾದದ್ದು. ಆದರೆ ಹೆರಿಗೆಯ ನಂತರ ರಕ್ತಸ್ರಾವ ನಿಲ್ಲದಿದ್ದರೆ ಗರ್ಭಕೋಶ ಸಂಕುಚಿಸುವ ಔಷಧಿ ಬೇಕು, ರಕ್ತ ಬೇಕು, ಒಂದೆರಡು ಗಂಟೆಯೊಳಗೆ ಆಸ್ಪತ್ರೆ ಬೇಕು. ನಮ್ಮ ಸೂಲಗಿತ್ತಿಯರ ಅನುಭವವನ್ನು ಆಸ್ಪತ್ರೆಯ ವಿದ್ಯೆಯೊಡನೆ ಬೆಸೆಯುವ ಕೆಲಸವನ್ನು ನಾವು ಹೊತ್ತಿಗೆ ಸರಿಯಾಗಿ ಮಾಡಲಿಲ್ಲ. ಒಂದು ತಲೆಮಾರು ಹಾಗೇ ಹೋಯಿತು. ಹಾವು ಕಡಿದವರ ವಿಷಯದಲ್ಲೂ ಹಾಗೆಯೇ. ಬಿಗಿಯಾಗಿ ಕಟ್ಟುವುದು, ಕೊಯ್ದು ರಕ್ತ ಹರಿಸುವುದು, ಬಾಯಿಂದ ಹೀರುವುದು, ಎಲ್ಲವೂ ತಪ್ಪು. ಅಲುಗಾಡಿಸದೆ ಬೇಗ ಆಸ್ಪತ್ರೆ ಸೇರಿಸುವುದೇ ಸರಿ. ಮೆಕ್ಕೆಜೋಳದ ಹೊಲದ ಅಂಚಿನಲ್ಲಿ ಇದನ್ನು ಅಧಿಕಾರದಿಂದ ಹೇಳುವವಳು ಬೇಕು. ಅವಳೇ ಅರೆಬರೆ ಕಲಿತವಳಾದರೆ ಊರಿಗೆ ಇನ್ನೊಬ್ಬ ‘ಸೂಜಿ ಡಾಕ್ಟರ್’ ಹುಟ್ಟಿದ ಹಾಗಾಗುತ್ತದೆ.

ಇದಕ್ಕೇ ಪಾಲುದಾರಿಕೆ ಬೇಕು ಎನ್ನುವುದು. ಮಹಾರಾಷ್ಟ್ರದ ಜಾಮಖೇಡಿನಲ್ಲಿ ಆರೋಳೆ ದಂಪತಿ 1970ರಲ್ಲಿ ಕೆಲಸ ಆರಂಭಿಸಿದಾಗ ಹಳ್ಳಿಯ ಆರೋಗ್ಯ ಕಾರ್ಯಕರ್ತೆಯರನ್ನು ಒಮ್ಮೆ ಕಲಿಸಿ ಕೈಬಿಡಲಿಲ್ಲ. ವಾರಕ್ಕೊಮ್ಮೆ ಕರೆಸಿ, ಆ ವಾರ ಕಂಡದ್ದನ್ನು ಕೇಳಿ, ಮತ್ತೆ ಕಲಿಸಿದರು. ದಾವಣಗೆರೆಯಲ್ಲಿ 1965ರಿಂದ ವೈದ್ಯಕೀಯ ಕಾಲೇಜಿದೆ, ಈಗ ಎರಡಿವೆ, ನರ್ಸಿಂಗ್ ಕಾಲೇಜುಗಳೂ ಇವೆ. ತಿಂಗಳಿಗೊಂದು ದಿನ ಅಲ್ಲಿನ ಮಕ್ಕಳ ವಿಭಾಗದ, ಹೆರಿಗೆ ವಿಭಾಗದ ಒಬ್ಬ ಶಿಕ್ಷಕರು ಜಗಳೂರಿನ ಆಶಾ ಮತ್ತು ದಾದಿಯರ ಜೊತೆ ಕೂರುವುದು ಅಸಾಧ್ಯವೆ? ಕಾಲೇಜಿಗೂ ಲಾಭವಿದೆ, ಪುಸ್ತಕದಲ್ಲಿ ಓದುವ ರೋಗಕ್ಕೂ ಹಟ್ಟಿಯಲ್ಲಿ ಕಾಣುವ ರೋಗಕ್ಕೂ ಇರುವ ಅಂತರ ವಿದ್ಯಾರ್ಥಿಗಳಿಗೆ ಗೊತ್ತಾಗುತ್ತದೆ.

ಇನ್ನು ಜಾತಿಯ ಮಾತು. ಇದನ್ನು ಬಿಟ್ಟು ಹಳ್ಳಿಯ ಬಗ್ಗೆ ಬರೆದರೆ ಸುಳ್ಳು ಬರೆದ ಹಾಗೆ. ಊರಿನವಳನ್ನೇ ಆರಿಸುವಾಗ ಊರಿನ ಪ್ರಬಲರ ಸೊಸೆಯೇ ಆಯ್ಕೆಯಾಗಿ, ಆಕೆ ಕೇರಿಯೊಳಗೆ ಕಾಲಿಡದಿದ್ದರೆ? ಅಥವಾ ಕೇರಿಯ ಹುಡುಗಿ ಆಯ್ಕೆಯಾಗಿ, ಮೇಲಿನ ಬೀದಿಯವರು ಬಾಣಂತಿ ಕೋಣೆಗೆ ಬಿಡದಿದ್ದರೆ? ಎರಡೂ ನಡೆಯುವಂಥದ್ದೇ. ಪರಿಹಾರ ಆಯ್ಕೆಯ ಸಭೆಯಲ್ಲೇ ಇದೆ. ಅದು ನಾಲ್ಕು ಜನರ ಜಗುಲಿಯಲ್ಲಿ ಅಲ್ಲ, ಎಲ್ಲ ಕೇರಿಯ ಹೆಂಗಸರೂ ಕೂತ ಗ್ರಾಮಸಭೆಯಲ್ಲಿ ನಡೆಯಬೇಕು. ಆಮೇಲೆ ಆಕೆ ಎಲ್ಲರ ಮನೆಯ ಕೂಸನ್ನೂ ಮುಟ್ಟುತ್ತಾಳೆ ಎಂದು ಆ ಸಭೆಯಲ್ಲೇ ಹೇಳಬೇಕು.

ಸಂಬಳದ ವಿಷಯದಲ್ಲಿ ನಾಚಿಕೆಯಾಗುವಷ್ಟು ಮಾತಿದೆ. ರಾಜ್ಯದಲ್ಲಿ 40 ಸಾವಿರಕ್ಕೂ ಹೆಚ್ಚು ಆಶಾ ಕಾರ್ಯಕರ್ತೆಯರಿದ್ದಾರೆ. 2005ರಲ್ಲಿ ಯೋಜನೆ ಬಂದಾಗಿನಿಂದಲೂ ಅವರಿಗೆ ಕೊಡುವುದನ್ನು ಸಂಬಳವೆನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. ಧನವೂ ಕಡಿಮೆ, ಗೌರವವೂ ಕಡಿಮೆ. 2025ರ ಜನವರಿಯ ಚಳಿಯಲ್ಲಿ ಅವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತ ಮೇಲೆ ತಿಂಗಳಿಗೆ ಕನಿಷ್ಠ 10 ಸಾವಿರ ರೂಪಾಯಿಯ ಭರವಸೆ ಸಿಕ್ಕಿತು. ಊರಿನಲ್ಲೇ ಇದ್ದು ಊರನ್ನು ನೋಡಿಕೊಳ್ಳುವವರಿಗೆ ಇಷ್ಟು ಕಡಿಮೆ ಕೊಟ್ಟು, ನಮ್ಮ ಜಾಣ ಹುಡುಗಿಯರೆಲ್ಲ ನಗರದ ಆಸ್ಪತ್ರೆಗೆ ಹೋಗುತ್ತಾರೆ ಎಂದು ಗೊಣಗುವುದು ಸರಿಯಲ್ಲ. ಮುಂದಕ್ಕೆ ಏರುವ ಮೆಟ್ಟಿಲೂ ಇರಬೇಕು. ಚೆನ್ನಾಗಿ ದುಡಿದ ಆಶಾ ಸಹಾಯಕ ದಾದಿಯಾಗಲು, ಸಹಾಯಕ ದಾದಿ ಬಿ.ಎಸ್‌ಸಿ. ನರ್ಸಿಂಗ್ ಓದಿ ತನ್ನದೇ ಉಪಕೇಂದ್ರದ ಸಮುದಾಯ ಆರೋಗ್ಯ ಅಧಿಕಾರಿಯಾಗಲು ದಾರಿ ಮಾಡಿಕೊಟ್ಟರೆ, ಯಾಕೆ ಊರು ಬಿಡುತ್ತಾಳೆ?

57 ಕೆರೆಗಳಿಗೆ ತುಂಗಭದ್ರೆಯ ನೀರು ತುಂಬಿಸುವ ಯೋಜನೆಗಾಗಿ ಜಗಳೂರು ತಾಲ್ಲೂಕಿನ ಜನ ಪಕ್ಷ ಜಾತಿ ಮರೆತು ಒಂದಾಗಿದ್ದನ್ನು ನೋಡಿದವರಿಗೆ, ಇವರಿಗೆ ಒಂದು ಊರಿಗೊಬ್ಬ ದಾದಿಯನ್ನು ಓದಿಸುವುದು ದೊಡ್ಡ ಕೆಲಸವೆನಿಸದು. ಜಾತ್ರೆಗೆ, ದೇವಸ್ಥಾನದ ಗೋಪುರಕ್ಕೆ ಚಂದಾ ಎತ್ತುವ ಊರುಗಳಿವು. ದ್ವಿತೀಯ ಪಿಯುಸಿ ಪಾಸಾದ ಒಬ್ಬ ಬಡ ಹುಡುಗಿಯ ಹಾಸ್ಟೆಲ್ ಖರ್ಚನ್ನು ಪಂಚಾಯಿತಿ, ಹಾಲಿನ ಸಂಘ, ಸ್ತ್ರೀಶಕ್ತಿ ಗುಂಪು ಮತ್ತು ಬೆಂಗಳೂರಿನಲ್ಲಿ ನೆಲೆಸಿದ ಊರಿನ ನಾಲ್ಕು ಮಂದಿ ಹಂಚಿಕೊಂಡರೆ ಒಬ್ಬೊಬ್ಬರ ಪಾಲಿಗೆ ಬರುವುದೆಷ್ಟು? ಬದಲಿಗೆ ಆಕೆ ಓದು ಮುಗಿಸಿ ಇಂತಿಷ್ಟು ವರ್ಷ ತಾಲ್ಲೂಕಿನಲ್ಲೇ ದುಡಿಯುವುದಾಗಿ ಊರಿನೆದುರು ಒಪ್ಪಿಕೊಳ್ಳಲಿ. ಮದುವೆಯ ಮಾತು ಬಂದಾಗ ಬೀಗರಿಗೂ ಇದನ್ನು ಮೊದಲೇ ತಿಳಿಸಲಿ. ಎಷ್ಟೋ ಒಳ್ಳೆಯ ದಾದಿಯರನ್ನು ಊರು ಕಳೆದುಕೊಂಡಿರುವುದು ಮದುವೆಯ ಬಸ್ಸಿನಲ್ಲಿ.

ಸದ್ಯಕ್ಕೆ ನಿಮ್ಮ ಕೈಯಲ್ಲಿರುವ ಒಂದು ಸಣ್ಣ ಕೆಲಸ ಹೇಳುತ್ತೇನೆ. ಗ್ರಾಮ ಆರೋಗ್ಯ, ನೈರ್ಮಲ್ಯ ಮತ್ತು ಪೌಷ್ಟಿಕ ಸಮಿತಿ ಎಂಬುದೊಂದು ನಿಮ್ಮ ಊರಿನಲ್ಲಿ ಇರಬೇಕು. ಕಾಗದದ ಮೇಲೆ ಇದ್ದೇ ಇರುತ್ತದೆ. ವರ್ಷಕ್ಕೆ 10 ಸಾವಿರ ರೂಪಾಯಿವರೆಗೆ ಅದಕ್ಕೆ ಮುಕ್ತ ನಿಧಿ ಕೊಡುವ ವ್ಯವಸ್ಥೆಯೂ ಇದೆ. ಈ ಭಾನುವಾರ ಪತ್ರಿಕೆ ಮಡಚಿಟ್ಟ ಮೇಲೆ ನಿಮ್ಮ ಆಶಾ ಕಾರ್ಯಕರ್ತೆಯ ಮನೆಗೆ ಹೋಗಿ, ಸಮಿತಿ ಕೊನೆಯ ಬಾರಿ ಸೇರಿದ್ದು ಎಂದು, ಅದರಲ್ಲಿ ಯಾರಿದ್ದಾರೆ, ಆಕೆಯ ಕೈಯಲ್ಲಿ ಮಗು ತೂಗುವ ತಕ್ಕಡಿ ಮತ್ತು ಥರ್ಮಾಮೀಟರ್ ಸರಿಯಾಗಿವೆಯೇ ಎಂದು ಕೇಳಿ. ಮಗಳು ಪಿಯುಸಿಯಲ್ಲಿದ್ದರೆ ಅವಳನ್ನೂ ಜೊತೆಗೆ ಕರೆದೊಯ್ಯಿರಿ.